ನಲವತ್ತೊಂದು ಅಂಕದ ಹುಡುಗಿ

ಎಲ್ಲಿಂದ ಶುರು ಮಾಡಲಿ? ಭೂತದಿಂದ ಅಂದರೆ ನೀವು ನಂಬುವುದಿಲ್ಲ. ಅಂಕಪಟ್ಟಿಯಿಂದ ಅಂದರೆ ಓದುವುದಿಲ್ಲ. ಟೆಂಪೆ, ಅಂದರೆ ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ, ಕರಿಯುವುದರಿಂದ ಶುರು ಮಾಡುತ್ತೇನೆ. (ನನ್ನ ಬಾಣಲೆಯಲ್ಲೂ ಈಗ ಅದೇ ಇದೆ. ಮಗುಚಿ ಬರುತ್ತೇನೆ, ಇರಿ.)

೧

ಇಂಡೋನೇಷ್ಯಾದ ಸುರಬಾಯದ ಮನೆಯೊಂದರಲ್ಲಿ ರೆತ್ನೊ ಬೆಳಿಗ್ಗೆ ಟೆಂಪೆ ಕರಿಯುತ್ತಿದ್ದಾಗ ಮಗಳ ಇಂಟರ್‌ನ್ಯಾಷನಲ್ ಶಾಲೆಯಿಂದ ಟೀಚರ್ ಫೋನ್ ಮಾಡಿದರು.

"ಶುಭ ಸುದ್ದಿ, ರೆತ್ನೊ ಅವ್ರೇ! ಕಿನಾಂತಿಗೆ ನಲವತ್ತೈದಕ್ಕೆ ನಲವತ್ತೊಂದು!"

"ಪರೀಕ್ಷೆ ಮೇ ತಿಂಗಳಲ್ಲಲ್ವಾ?"

"ಇದು ನಾವು ಟೀಚರ್‌ಗಳು ಮೊದಲೇ ಅಂದಾಜು ಮಾಡಿ ಕಳಿಸೋ ನಿರೀಕ್ಷಿತ ಅಂಕ. ಹಾಲೆಂಡಿನ ಕಾಲೇಜು ಇದನ್ನ ನೋಡೇ ಸೀಟು ಕೊಡುತ್ತೆ. ಮೇನಲ್ಲಿ ಅಷ್ಟು ಬಂದ್ರೆ ಸೀಟು ಗಟ್ಟಿ. ನಮ್ಮ ಕೋರ್ಸು ಅಂದ್ರೆ ಏನಂದ್ಕೊಂಡ್ರಿ? ನಿಮ್ಮ ಮಗಳು ಈಗಾಗ್ಲೇ ಕಾಲೇಜಲ್ಲಿದಾಳೆ. ದೇಹ ಒಂದು ಹೋಗ್ಬೇಕು, ಅಷ್ಟೇ."

ಟೆಂಪೆ ಸೀದಿತು. ಕಿನಾಂತಿ ಬಚ್ಚಲಲ್ಲಿದ್ದಳು. ಅವಳ ಕೋಣೆಯಲ್ಲಿ ಯಾರೋ ಹಾಳೆ ತಿರುವುತ್ತಿದ್ದರು.

೨

(ಹಾಳೆ ತಿರುವಿದ್ದು ಗಾಳಿ ಎಂದು ಬರೆದಿದ್ದೆ. ರೆತ್ನೊ ಒಪ್ಪಲಿಲ್ಲ. "ಗಾಳಿ ಅಡಿಟಿಪ್ಪಣಿ ಬರೆಯುತ್ತೇನ್ರೀ, ಕತೆಗಾರ್ತಿ?" ಹೊಡೆದುಹಾಕಿದೆ.)

ಮಗಳ ನಾಲ್ಕು ಸಾವಿರ ಪದಗಳ ಪ್ರಬಂಧ ಮೇಜಿನ ಮೇಲಿತ್ತು. ನಿನ್ನೆ ಖಾಲಿಯಿದ್ದ ಕಡೆಯಲ್ಲೆಲ್ಲ ಆಧಾರಗಳು, ಪುಟಸಂಖ್ಯೆ ಸಮೇತ. ಅಕ್ಷರ ಮಗಳದೇ. ಶಾಯಿ ಇನ್ನೂ ಹಸಿ.

೩

ಕೋರ್ಸನ್ನು ಬೈಯಲು ನನಗೆ ಮನಸ್ಸಿಲ್ಲ. ನೆಂಟರು ಹೆಸರು ಕೇಳಿದರೆ ಅಮ್ಮನ ಬೆನ್ನಹಿಂದೆ ಅವಿತುಕೊಳ್ಳುತ್ತಿದ್ದ ಹುಡುಗಿ ಎರಡೇ ವರ್ಷಕ್ಕೆ ನದಿಯ ನೀರು ತಂದು ಪರೀಕ್ಷಿಸಿದಳು, ತನ್ನ ತಪ್ಪನ್ನು ತಾನೇ ಹುಡುಕಿ ತಿದ್ದಿದಳು, ಮೇಷ್ಟ್ರಿಗೇ "ಅದು ನಿಮಗೆ ಹೇಗೆ ಗೊತ್ತು?" ಎಂದಳು. ಇಷ್ಟೆಲ್ಲ ಒಳ್ಳೆಯದೇ.

ಆದರೆ ಫೋನ್ ಬಂದ ಮೇಲೆ, ಅವಳು ಏಳುವ ಮೊದಲೇ ಅವಳ ಬ್ರಷ್ಷು ಒದ್ದೆಯಾಗಿರುತ್ತಿತ್ತು. ದಿಂಬಿನ ಮೇಲೆ ಎರಡು ತಲೆಗಳ ತಗ್ಗು.

೪

ಮುಕ್ತಾಯ ಒಂದು: ನಲವತ್ತೊಂದೇ ಬಂತು. ವಿಮಾನ ನಿಲ್ದಾಣದಲ್ಲಿ ರೆತ್ನೊ ಮಗಳನ್ನು ಅಪ್ಪಿಕೊಂಡಳು. ಆ ಕೂದಲಿಗೆ ಯಾವ ವಾಸನೆಯೂ ಇರಲಿಲ್ಲ.

(ಬೇಡ.)

ಮುಕ್ತಾಯ ಎರಡು: ಮೂವತ್ತಮೂರು ಬಂತು. ತಿಂಗಳ ನಂತರ ಹಾಲೆಂಡಿನಿಂದ ಕಾಗದ: "ಕಿನಾಂತಿ ಕ್ಷೇಮವಾಗಿ ಬಂದು ತಲುಪಿದ್ದಾಳೆ." ಅದನ್ನು ಊಟದ ಮೇಜಿನ ಮುಂದೆ ಕೂತು ಗಟ್ಟಿಯಾಗಿ ಓದಿದವಳು ಕಿನಾಂತಿ.

(ಇದೂ ಬೇಡ. ಅಕ್ಕಿ ತೊಳೆದಿಟ್ಟು ಬಂದು ಮೂರನೆಯದನ್ನು ಯೋಚಿಸೋಣ ಎಂದುಕೊಂಡೆ. ಬಂದು ನೋಡಿದರೆ ನಾನು ಬರೆಯದೆಯೇ ಹುಡುಗಿ ಕೋಣೆಯಿಂದ ಹೊರಬಂದು ರೆತ್ನೊಳ ಅಡುಗೆಮನೆಯಲ್ಲಿ ನಿಂತಿದ್ದಾಳೆ.)

ಅವಳ ಬೆನ್ನಹಿಂದೆ ಕೋಣೆಯ ಬಾಗಿಲನ್ನು ಯಾರೋ ಒಳಗಿನಿಂದ ಮೆಲ್ಲಗೆ ಮುಚ್ಚಿಕೊಂಡರು.

"ಯಾಕೆ ಕಂದಾ, ಹಸಿವಾ?" ಎಂದಳು ರೆತ್ನೊ.

"ಬೈಬಾರ್ದು, ಇಬು."

"ಬೈಯಲ್ಲ ಕಣೇ, ಹೇಳು."

"ನಂಗೆ ನಲವತ್ತೊಂದು ಬರ್ಲಿಲ್ಲ ಅಂದ್ರೆ... ನಮ್ಮಿಬ್ಬರಲ್ಲಿ ಯಾರನ್ನ ಮನೇಲಿ ಇಟ್ಕೋತೀರಿ?"