ಫಿಂಟನ್‌ಗೆ ಕಾಣದ ಬಿಳಿ ಟೋಪಿ

ಈಸ್ಟರ್ ಸೋಮವಾರ ಬಂತೆಂದರೆ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಸರಿಯಾದ ಅಡುಗೆ ಇರುವುದಿಲ್ಲ. ಹಿಂದಿನ ದಿನ ಉಳಿದ ಕುರಿಮಾಂಸವನ್ನು ಬ್ರೆಡ್ಡಿನ ನಡುವೆ ತುರುಕಿ, ಫ್ಲಾಸ್ಕಿಗೆ ಚಹಾ ಸುರಿದುಕೊಂಡು ಎಲ್ಲರೂ ಫೇರಿಹೌಸ್ ಮೈದಾನಕ್ಕೆ ಹೊರಡುತ್ತಾರೆ. ಅಂದು ಅಲ್ಲಿ ಗ್ರ್ಯಾಂಡ್ ನ್ಯಾಷನಲ್ ಕುದುರೆ ಓಟ. ಮೂರೂವರೆ ಮೈಲಿಗೂ ಹೆಚ್ಚು ದೂರ, ದಾರಿಯುದ್ದಕ್ಕೂ ಎತ್ತರದ ಬೇಲಿಗಳು. ಕುದುರೆ ಮೊದಲು ಬೀಳದೆ ಹಾರಬೇಕು, ಗೆಲ್ಲುವ ಮಾತು ಆಮೇಲೆ. ಇಷ್ಟೊಂದು ಕುದುರೆಗಳಲ್ಲಿ ಯಾವುದರ ಮೇಲೆ ದುಡ್ಡು ಕಟ್ಟುವುದು ಎನ್ನುವುದೇ ನಮ್ಮೂರಿನ ದೊಡ್ಡ ತಲೆನೋವು.

ಆ ತಲೆನೋವಿಗೆ ಮದ್ದು ನನ್ನ ಗಂಡ ಫಿಂಟನ್. ಅವನು ಕುದುರೆಗಳಿಗೆ ಲಾಳ ಕಟ್ಟುವವನು. ಕುದುರೆಯ ಕಾಲು ಹಿಡಿದೇ ಸಂಸಾರ ಸಾಗಿಸಿದವನು. ಬೀದಿಯವರೆಲ್ಲ ತಲೆಗೆ ಐದು ಯೂರೋ ಅವನ ಕೈಗೆ ಕೊಟ್ಟು, "ನೀನೇ ಆರಿಸಪ್ಪಾ" ಎನ್ನುತ್ತಾರೆ. ವರ್ಷಕ್ಕೊಮ್ಮೆ ಮಾತ್ರ, ಐದರ ಮೇಲೆ ಒಂದು ಕಾಸೂ ಇಲ್ಲ. ಹೆಚ್ಚು ಕೊಡಲು ಬಂದವರನ್ನು ಫಿಂಟನ್ ಗದರಿಸಿ ಕಳಿಸುತ್ತಾನೆ. ಗೆದ್ದರೆ ಎಲ್ಲರಿಗೂ ಒಂದು ಔತಣ, ಸೋತರೆ ಅವನಿಗೆ ವರ್ಷವಿಡೀ ಗೇಲಿ.

ಕಳೆದ ವರ್ಷದ ಈಸ್ಟರ್‌ಗೆ ಸ್ವಲ್ಪ ಮೊದಲು ಒಂದು ಹೆಣ್ಣು ಕುದುರೆ ಅವನ ತೊಡೆಗೆ ಒದ್ದಿತು. ಅಂಥ ಒದೆ ಅವನು ತಿಂದವನೇ ಅಲ್ಲ. "ಪಕ್ಕದಿಂದ ಬಂತು ಕಣೇ, ನೋಡ್ಲೇ ಇಲ್ಲ" ಎಂದ. "ವಯಸ್ಸಾಯ್ತು ನಿಂಗೆ, ಸುಮ್ನೆ ಮಲಕ್ಕೋ" ಎಂದು ನಾನು ಎಣ್ಣೆ ಹಚ್ಚಿದೆ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಾಗಲೂ ಬೈದೆ. ಬೈದದ್ದೇ ಬಂತು, ಏನೆಂದು ಯೋಚಿಸಲಿಲ್ಲ.

ಸೋಮವಾರ ಬಂತು. ಓಟಕ್ಕೆ ಮೊದಲು ಕುದುರೆಗಳನ್ನು ಸುತ್ತು ನಡೆಸುವ ಅಂಗಳದ ಕಂಬಿಗೆ ಫಿಂಟನ್ ಮೊಣಕೈ ಊರಿ ನಿಂತ. ಪಕ್ಕದಲ್ಲಿ ಅವನ ತಮ್ಮ ಲೋರ್ಕನ್. ಲೋರ್ಕನ್ ಶಾಲೆಯ ಬಸ್ಸು ಓಡಿಸುತ್ತಾನೆ, ಬಾಯಿಗೆ ಬೀಗವೇ ಇಲ್ಲ.

"ಅಣ್ಣಾ, ಆ ಕರೀದು ನೋಡು, ಹೆಂಗೆ ಮಿಂಚ್ತಿದೆ! ಅದಕ್ಕೇ ಕಟ್ಟೋಣ."

"ಮಿಂಚೋದು ಬ್ರಷ್ ಹಾಕ್ದೋನ ಮಹಿಮೆ ಕಣೋ. ಕುತ್ತಿಗೆ ಮೇಲೆ ಬೆವರು ನೋಡು. ಓಡೋಕ್ ಮುಂಚೇನೇ ಹೆದರ್ಕೊಂಡಿದೆ ಅದು. ಮಳೆ ಬಂದು ನೆಲ ಬೇರೆ ಮೆತ್ತಗಿದೆ. ದೊಡ್ಡ ಗೊರಸು, ಅಗಲ ಸೊಂಟ, ಗಾಬರಿಯಾಗದ ಬುದ್ಧಿ, ಅಂಥದ್ದು ಬೇಕು ನಮಗೆ."

"ಹಂಗಾದ್ರೆ ಅತ್ತಿಗೇನೇ ಓಡಿಸೋಣ ಬಿಡು."

ನಾನು ಕೊಡೆಯಿಂದ ಅವನ ಬೆನ್ನಿಗೆ ಒಂದು ಕೊಟ್ಟೆ.

ಫಿಂಟನ್ ಆರಿಸಿದ್ದು ಕೋಲ್ಡ್ ಟೀ ಎಂಬ ಕಂದು ಕುದುರೆ. ಅದರ ಯಜಮಾನನದೇ ಇನ್ನೊಂದು ಕುದುರೆಯೂ ಓಟದಲ್ಲಿತ್ತು. ಒಬ್ಬನೇ ಯಜಮಾನನ ಎರಡು ಕುದುರೆ ಓಡಿದರೆ ಇಬ್ಬರು ಸವಾರರಿಗೂ ಒಂದೇ ಬಣ್ಣದ ಅಂಗಿ. ಗುರುತು ಹಿಡಿಯುವುದು ಟೋಪಿಯಿಂದ. ಎರಡಕ್ಕೂ ಹಸಿರು ಅಂಗಿ, ನಮ್ಮದಕ್ಕೆ ಬಿಳಿ ಟೋಪಿ, ಅದಕ್ಕೆ ಕೆಂಪು. ಬೀದಿಯವರ ದುಡ್ಡನ್ನೆಲ್ಲ ಸೇರಿಸಿ ಕೋಲ್ಡ್ ಟೀ ಮೇಲೆ ಕಟ್ಟಿ, ಪಣದ ಚೀಟಿಯನ್ನು ಫಿಂಟನ್ ಎದೆಯ ಜೇಬಿಗೆ ಹಾಕಿಕೊಂಡ.

ಓಟ ಶುರುವಾಯಿತು. ಕೊನೆಗೆ ಎರಡೇ ಬೇಲಿ ಉಳಿದಾಗ ಎರಡು ಹಸಿರು ಅಂಗಿಗಳೂ ಮುಂದಿದ್ದವು, ಒಂದರ ಪಕ್ಕ ಒಂದು. ನಮ್ಮ ಗಂಟಲುಗಳು ಹರಿದುಹೋಗಿದ್ದವು. ಎರಡೂ ಹಾರಿದವು. ಕೆಂಪು ಟೋಪಿ ಮುಗ್ಗರಿಸಿ ಉರುಳಿತು. ಬಿಳಿ ಟೋಪಿ ಹಾಗೇ ಮುಂದಕ್ಕೆ ಹೋಯಿತು.

"ಹೋಯ್ತು! ನಮ್ದು ಬಿತ್ತು!" ಎಂದು ಕೂಗಿದ ಫಿಂಟನ್, ಚೀಟಿ ತೆಗೆದು ಪರಪರ ಹರಿದು ಗಾಳಿಗೆ ಎಸೆದ.

ನಾವೆಲ್ಲ ಅವನ ಮುಖ ನೋಡಿದೆವು. ಅಷ್ಟರಲ್ಲಿ ಕೋಲ್ಡ್ ಟೀ ಕೊನೆಯ ಬೇಲಿಯನ್ನೂ ದಾಟಿ ಗೆದ್ದೇಬಿಟ್ಟಿತು. ಬೀದಿಗೆ ಬೀದಿಯೇ ಕೆಸರಿನಲ್ಲಿ ಮಂಡಿಯೂರಿ ಚೀಟಿಯ ಚೂರು ಹುಡುಕತೊಡಗಿತು. ಲೋರ್ಕನ್ ಒಬ್ಬ ಪಾದ್ರಿಯ ಬೂಟಿನ ಅಡಿಯಿಂದ ಒಂದು ಚೂರು ಎಳೆದು ತಂದ. ಟೇಪು ಅಂಟಿಸಿ ಕೊಟ್ಟಾಗ ಪಣ ಕಟ್ಟಿಸಿಕೊಂಡವನು ಬಿದ್ದು ಬಿದ್ದು ನಕ್ಕು ದುಡ್ಡು ಎಣಿಸಿಕೊಟ್ಟ, ದೊಡ್ಡ ಮನಸ್ಸು ಅವನದು.

"ಏನಣ್ಣಾ, ಪಕ್ಕದಲ್ಲೇ ಇತ್ತಲ್ಲ ನಮ್ದು! ನಿದ್ದೆ ಮಾಡ್ತಿದ್ಯಾ?" ಎಂದು ಲೋರ್ಕನ್ ಕೇಳಿದ.

"ಏ, ಹಸಿರು ಅಂಗಿ ಅಲ್ಲಿ ಒಂದೇ ಇದ್ದಿದ್ದು. ಆ ಕೆಸರಿನ ಎರಚಾಟದಲ್ಲಿ ಟೋಪಿ ಬಣ್ಣ ಯಾರಿಗೆ ಕಾಣತ್ತೆ? ಬಿತ್ತು. ನಾನು ಕಣ್ಣಾರೆ ನೋಡಿದೀನಿ!"

ಎಲ್ಲರೂ ಹೋ ಎಂದು ನಕ್ಕರು. ಒರ್ಲಾ ಮಾತ್ರ ನಗಲಿಲ್ಲ. ಒರ್ಲಾ ನಮ್ಮ ಪಕ್ಕದ ಮನೆಯವಳು, ಪಟ್ಟಣದ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ಅವಳು ಫಿಂಟನ್‌ನನ್ನು ಹುಲ್ಲಿನ ಮೇಲೆ ಕೂರಿಸಿ ಎದುರಿಗೆ ಕೂತಳು.

"ಎಡಗಣ್ಣು ಮುಚ್ಕೊಳಿ. ನನ್ನ ಮೂಗನ್ನೇ ನೋಡಿ, ಆ ಕಡೆ ಈ ಕಡೆ ನೋಡ್ಬೇಡಿ. ಪಕ್ಕದಲ್ಲಿ ನನ್ನ ಬೆರಳು ಕಂಡ ತಕ್ಷಣ ಹೇಳಿ."

"ಇದೇನಮ್ಮಾ ಮಕ್ಕಳಾಟ!" ಎಂದು ಗೊಣಗುತ್ತಲೇ ಅವನು ಎಡಗಣ್ಣು ಮುಚ್ಚಿಕೊಂಡ. ಒರ್ಲಾ ಪಕ್ಕದಲ್ಲಿ ಕೈಯೆತ್ತಿ ಬೆರಳು ಆಡಿಸಿದಳು. ಅವನು ಸುಮ್ಮನೆ ಕೂತಿದ್ದ. ಅವಳು ಬೆರಳನ್ನು ಇನ್ನೂ ಒಳಗೆ ತಂದಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು.

"ಮೊದ್ಲು ಕೈ ಎತ್ತು ತಾಯಿ, ಆಮೇಲೆ ಕೇಳು" ಎಂದ ಫಿಂಟನ್.

"ಆಗ್ಲಿಂದ ಎತ್ತೇ ಇದೀನಿ" ಎಂದಳು ಒರ್ಲಾ.

ಫಿಂಟನ್ ತಿರುಗಿ ಅವಳ ಕೈ ನೋಡಿದ, ನನ್ನನ್ನು ನೋಡಿದ.

"ನಿಮ್ಮ ಮನೇಲಿ ಯಾರಿಗಾದ್ರೂ ಕಣ್ಣು ಹೋಗಿತ್ತಾ?" ಎಂದು ಒರ್ಲಾ ಮೆತ್ತಗೆ ಕೇಳಿದಳು.

"ಅಮ್ಮಂಗೆ. ಅದು ವಯಸ್ಸಾಗಿ ಹೋಗಿದ್ದು."

"ಏನು ವಯಸ್ಸೋ? ಅಮ್ಮಂಗೆ ಅರವತ್ತೂ ತುಂಬಿರ್ಲಿಲ್ಲ" ಎಂದ ಲೋರ್ಕನ್. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ನಂಗೇನೂ ನೋವಿಲ್ಲ. ಪೇಪರು ಓದ್ತೀನಿ, ಲಾಳದ ಮೊಳೆ ಹೊಡೀತೀನಿ. ಆಸ್ಪತ್ರೆ ಗೀಸ್ಪತ್ರೆ ಬೇಡ" ಎಂದು ಫಿಂಟನ್ ಎದ್ದು ನಿಂತ.

"ಇದು ನೋಯೋದೇ ಇಲ್ಲ, ಅದೇ ಇದರ ಕಳ್ಳತನ" ಎಂದಳು ಒರ್ಲಾ. "ಗ್ಲಾಕೋಮಾ ಇರಬಹುದು. ಹೆಚ್ಚಾಗಿ ಕಣ್ಣೊಳಗೆ ಒತ್ತಡ ಏರಿ ನರ ಹಾಳಾಗ್ತಾ ಬರತ್ತೆ. ಮೊದಲು ಪಕ್ಕದ ನೋಟ ಹೋಗತ್ತೆ. ಅಲ್ಲಿ ಕತ್ತಲೆಯೇನೂ ಕಾಣಲ್ಲ. ಸುತ್ತ ಕಾಣೋದ್ರಿಂದ್ಲೇ ಮನಸ್ಸು ಆ ಜಾಗ ತುಂಬಿಸ್ಕೊಳ್ಳತ್ತೆ. ಅದಕ್ಕೇ ನಿಮಗೆ ಒಂದೇ ಕುದುರೆ ಕಂಡಿದ್ದು. ಬೆರಳಾಡಿಸಿ ಖಾತ್ರಿ ಹೇಳೋಕಾಗಲ್ಲ. ಯಂತ್ರದಲ್ಲಿ ನೋಡಬೇಕು."

"ತೋರಿಸೋಕೆ ಹೋದ್ರೆ, ಕಣ್ಣು ಹೋಗತ್ತೆ ಅಂತಾರೆ ಡಾಕ್ಟ್ರು."

"ಹೋಗದೇ ಇದ್ರೆ ನಿಜವಾಗ್ಲೂ ಹೋಗತ್ತೆ."

ನಾನು ಅವನ ಕೈ ಹಿಡಿದುಕೊಂಡೆ. "ನೋಡು, ಕುರುಡಾದ ಗಂಡನ್ನ ನಾನು ನೋಡ್ಕೋತೀನಿ, ಅದಕ್ಕೆ ಅಂಜಲ್ಲ. ಆದ್ರೆ ನಿನ್ನ ಹಟಮಾರಿತನಕ್ಕೆ ಕುರುಡಾದ್ರೆ ದಿನಾ ಬೈತೀನಿ, ಹೇಳಿರ್ತೀನಿ."

"ಈಗೇನು ಬೈಯದೇ ಬಿಟ್ಟಿದ್ಯಾ?" ಎಂದ. ಆದರೆ ಅದೇ ವಾರ ನನ್ನ ಜೊತೆ ಬಂದ.

ಆಸ್ಪತ್ರೆಯಲ್ಲಿ ಕಣ್ಣಿನ ಒತ್ತಡ ಅಳೆದರು. ಒಂದು ಬಿಳಿ ಬೋಗುಣಿಯೊಳಗೆ ನೋಡಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಚುಚ್ಚಲಿಲ್ಲ, ಕೊಯ್ಯಲಿಲ್ಲ. ಒರ್ಲಾ ಹೇಳಿದ್ದೇ ನಿಜವಾಗಿತ್ತು. ಎರಡೂ ಕಣ್ಣುಗಳ ಪಕ್ಕದ ನೋಟ ಅರ್ಧದಷ್ಟು ಹೋಗಿತ್ತು. ಹೋದದ್ದು ಯಾವ ಮದ್ದಿಗೂ ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು ಡಾಕ್ಟರು. ದಿನವೂ ತಪ್ಪದೆ ಹನಿ ಹಾಕಬೇಕು, ಹೇಳಿದಾಗಲೆಲ್ಲ ತೋರಿಸಬೇಕು. ಕಾರು ಓಡಿಸುವುದು ಬಂದ್. ಆ ಹೊತ್ತು ಫಿಂಟನ್ ಅತ್ತ, ನಾನೂ ಅತ್ತೆ.

ಈಗ ಅಳುವುದಿಲ್ಲ. ದಿನಾ ಹನಿ ಹಾಕುವವಳು ನಾನೇ. ಹನಿ ಹಾಕುವಾಗ ಅವನು ಮಗುವಿನ ಹಾಗೆ ಮುಖ ಕಿವುಚುತ್ತಾನೆ, ನಾನು ದೇವರಿಗೆ ನಮಸ್ಕಾರ ಹೇಳುತ್ತೇನೆ. ಅವನು ನನ್ನ ಮುಖ ನೋಡುತ್ತಾನೆ, ಬೆಟ್ಟದಷ್ಟು ದೊಡ್ಡ ಕುದುರೆಯ ಕಾಲು ಎತ್ತಿ ಲಾಳ ಕಟ್ಟುತ್ತಾನೆ, ಆದರೆ ಈಗ ತಲೆ ತಿರುಗಿಸಿ ಎರಡೂ ಕಡೆ ನೋಡಿಕೊಂಡು. ಬೀದಿಯವರು ಗೆದ್ದ ಕೋಲ್ಡ್ ಟೀಯನ್ನು ಹೊಗಳುತ್ತಾರೆ. ನಾನು ನೆನೆಯುವುದು ಬಿದ್ದ ಕುದುರೆಯನ್ನು. ಪಾಪ, ಅದು ಎದ್ದು ಮೈ ಕೊಡವಿ, ಸವಾರನಿಲ್ಲದೆಯೇ ಉಳಿದವರ ಹಿಂದೆ ಓಡಿತ್ತು. ಅದು ಅಂದು ಬೀಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅದರ ಹೆಸರಿನಲ್ಲಿ ನಾನು ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿದ್ದೇನೆ, ನಗುವವರು ನಗಲಿ.

ಈ ವರ್ಷದ ಈಸ್ಟರ್‌ಗೆ ಫಿಂಟನ್ ಹೊಸ ಕಾನೂನು ತಂದ. ನಲವತ್ತು ದಾಟಿದವರು ಕಣ್ಣು ತೋರಿಸಿಕೊಂಡು ಬಂದರೆ ಮಾತ್ರ ಕುದುರೆಯ ಹೆಸರು ಹೇಳುವುದು. ಲೋರ್ಕನ್ ಮೂಗು ಮುರಿದ. "ನಂಗೆ ಹದ್ದಿನ ಕಣ್ಣು. ದಿನಾ ಬಸ್ ತುಂಬಾ ಮಕ್ಕಳನ್ನ ಕರ್ಕೊಂಡು ಹೋಗ್ತೀನಿ."

"ಅದಕ್ಕೇ ಹೋಗು ಅಂದಿದ್ದು. ಒಂದೇ ತಾಯಿ ಹಾಲು ಕುಡಿದೋರು ನಾವು" ಎಂದ ಫಿಂಟನ್.

ಬರೀ ಕುದುರೆಯ ಹೆಸರಿನ ಆಸೆಗೆ ಲೋರ್ಕನ್ ಹೋಗಿಬಂದ. ಅವನಿಗೂ ಒತ್ತಡ ಏರಿತ್ತು. ಆದರೆ ನೋಟ ಒಂದು ಚೂರೂ ಹೋಗಿರಲಿಲ್ಲ. ಹನಿ ಶುರುವಾಯಿತು, ಬಸ್ಸು ಓಡುತ್ತಲೇ ಇದೆ. ಫಿಂಟನ್ ಹೇಳಿದ ಕುದುರೆ ಈ ಸಲ ಎಲ್ಲಕ್ಕಿಂತ ಕೊನೆಗೆ ಬಂತು. ಸಂಜೆ ಲೋರ್ಕನ್ ನಮ್ಮ ಅಡುಗೆಮನೆಗೆ ಬಂದು ನಿಂತ.

"ಅಣ್ಣಾ, ಇಷ್ಟು ದರಿದ್ರ ಕುದುರೆ ನೀನು ಯಾವತ್ತೂ ಆರಿಸಿರ್ಲಿಲ್ಲ" ಎಂದ. ಆಮೇಲೆ ಅಣ್ಣನ ಕುತ್ತಿಗೆಗೆ ಜೋತುಬಿದ್ದು ಬಹಳ ಹೊತ್ತು ಬಿಡಲಿಲ್ಲ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವು ನಲವತ್ತು ದಾಟಿದ್ದರೆ ಒಮ್ಮೆ ಕಣ್ಣಿನ ಒತ್ತಡ ನೋಡಿಸಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಒಡಹುಟ್ಟಿದವರು, ಮಕ್ಕಳು ಎಲ್ಲರೂ ಹೋಗಿ. ನೋವಿಲ್ಲ, ಎಲ್ಲ ಚೆನ್ನಾಗಿ ಕಾಣುತ್ತಿದೆ ಎಂದು ಕೂರಬೇಡಿ. ಫಿಂಟನ್‌ಗೂ ಚೆನ್ನಾಗಿಯೇ ಕಾಣುತ್ತಿತ್ತು. ನಮಗೆ ಹೇಳಲು ಪಕ್ಕದಲ್ಲಿ ಒರ್ಲಾ ಇದ್ದಳು. ನಿಮಗೆ ನಾನು ಹೇಳುತ್ತಿದ್ದೇನೆ, ಈ ವಾರವೇ ಹೋಗಿಬನ್ನಿ.