ಒಳಗೆ ಬಿಟ್ಟ ಬಟ್ಟೆ

ಅವಳು ಓಡುವುದು ಬಾಟಲಿಗೋ, ಅವನಿಗೋ? ಬಾಟಲಿಗೇ ಇರಬೇಕು. ಮಕ್ಕಳೆಂದರೆ ಇರುವೆಗಳ ಹಾಗೆ, ಸಿಹಿ ಇದ್ದಲ್ಲಿ ಸಾಲುಗಟ್ಟುತ್ತವೆ. ಹಾಗಾದರೆ ಬಾಟಲಿ ಕೈಗೆ ಬಂದ ಮೇಲೂ ಅವನ ಕುತ್ತಿಗೆಗೆ ಯಾಕೆ ಜೋತುಬೀಳಬೇಕು?

ದರ್ಜಿ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ಒತ್ತಿ ನಿಲ್ಲಿಸಿ, ಕಿಟಕಿಯಾಚೆ ನೋಡುತ್ತ ಕುಳಿತಿದ್ದ. ಬೀದಿಯಲ್ಲಿ ಹೆಂಡತಿಯ ತಮ್ಮನ ವ್ಯಾನು ನಿಂತಿತ್ತು. ಅಂಗಡಿಗಳಿಗೆ ತಂಪು ಪಾನೀಯ ಹಂಚುವುದು ಅವನ ಕೆಲಸ. ಚೀಟಿ ಸೊಟ್ಟಗೆ ಅಂಟಿದ ಬಾಟಲಿಯನ್ನು ಅಂಗಡಿಯವರು ಬೇಡವೆಂದರೆ ಅದು ಭಾನುವಾರ ಸೋದರಸೊಸೆಯ ಪಾಲು. ದರ್ಜಿಯ ಮಗಳು ಈಗ ಅವನ ಬೆನ್ನ ಮೇಲೆ ಕೂತು ಬರುತ್ತಿದ್ದಳು, ಕೈಯಲ್ಲಿ ಕಿತ್ತಳೆ ಬಣ್ಣದ ಬಾಟಲಿ.

"ಏನ್ ಭಾವ, ನಿಮ್ಮ ಮಷಿನ್ ಸದ್ದು ಬೀದಿ ತುದಿವರೆಗೂ ಕೇಳುತ್ತೆ. ನಿಮ್ಮ ಮಾತು ಮಾತ್ರ ಪಕ್ಕದಲ್ಲಿ ಕೂತರೂ ಕೇಳಲ್ಲ!"

ಮಗಳು ಕಿಲಕಿಲ ನಕ್ಕಳು. ದರ್ಜಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೋರಿಸಿ ತಲೆಯಾಡಿಸಿದ. ಬಾಯಲ್ಲಿ ಸೂಜಿ ಕಚ್ಚಿಕೊಂಡವನನ್ನು ಯಾರೂ ಮಾತಾಡು ಎಂದು ಒತ್ತಾಯಿಸುವುದಿಲ್ಲ. ಆ ಸೌಲಭ್ಯ ಅವನಿಗೆ ಮದುವೆಯಾದಂದಿನಿಂದಲೂ ಒದಗಿಬಂದಿತ್ತು.

ಮಗಳನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ಆ ಹೆಸರಿಟ್ಟವನೂ ಈ ಭಾವಮೈದುನನೇ. ಹಾಗೆ ಕರೆದಾಗಲೆಲ್ಲ ದರ್ಜಿಗೆ ಇನ್ನೊಬ್ಬರ ಸಾಮಾನನ್ನು ಕೇಳಿ ಪಡೆದಂತೆ ಅನಿಸುತ್ತಿತ್ತು. ಅವನೇನು ದೊಡ್ಡ ಮನುಷ್ಯ? ವಾರಕ್ಕೊಮ್ಮೆ ಬಂದು ಕುಣಿಸಿ ಹೋಗುವವನು. ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದವರು ಯಾರು? ಹೂ ಕಟ್ಟಿದವನ ಹೆಸರು ಹಾಳಾಗಲಿ, ಮುಡಿದವಳು ದಾರಿಯಲ್ಲಿ ಹೋಗುವವನನ್ನು ನೋಡಿ ನಕ್ಕರೆ ಹೇಗೆ?

ಹೊಟ್ಟೆಕಿಚ್ಚಿಗೂ ಒಂದು ಉಪಾಯ ಹೊಳೆಯುತ್ತದೆ. ಮರುದಿನವೇ ದರ್ಜಿ ಮಾವಿನ ರಸದ ಪೊಟ್ಟಣಗಳನ್ನು ತಂದು ಅಂಗಡಿಯ ಮೂಲೆಯಲ್ಲಿ, ಒಳಪದರದ ಅಸ್ತರು ಬಟ್ಟೆಯ ಸುರುಳಿಗಳ ಹಿಂದೆ ಇಟ್ಟ. ಮನೆಯ ಮುಂದಿನ ಕೋಣೆಯೇ ಅಂಗಡಿ. ಶಾಲೆ ಬಿಟ್ಟು ಬಂದ ಮಗಳು ನೇರ ಅಡುಗೆಮನೆಗೆ ಹೋಗುವವಳು, ಈಗ ಅವನ ಹತ್ತಿರ ನಿಲ್ಲತೊಡಗಿದಳು. ಸ್ಟೂಲಿನ ಮೇಲೆ ಕೂತು, ನಳಿಕೆಯಲ್ಲಿ ಹೀರುತ್ತ, ಕಾಲಾಡಿಸುತ್ತ, ಗೆಳತಿಯರ ಜಗಳವನ್ನೆಲ್ಲ ಹೇಳುವಳು. ಇವನು ಬಾಬಿನ್ನಿಗೆ ನೂಲು ಸುತ್ತುತ್ತ ಕೇಳುವನು. ಅದು ಅವನ ದಿನದ ಹಬ್ಬ.

"ಇನ್ನೊಂದು ಕೊಡಪ್ಪ."

"ಕುಡಿ ಕುಡಿ. ಮಾಮನ ಬಣ್ಣದ ನೀರಲ್ಲ ಇದು, ಹಣ್ಣು. ಆದ್ರೂ ಅಮ್ಮನ ಹತ್ರ ಯಾಕೆ ಹೇಳೋದು, ಊಟಕ್ಕೆ ಮುಂಚೆ ಅಂತ ಬೈತಾಳೆ."

ಮಗಳ ಸೊಂಟ ಬೆಳೆಯಿತು. ಶಾಲೆಯ ಲಂಗ ಬಿಗಿಯಾದದ್ದಕ್ಕೆ ಬೇರೆ ಮನೆಯಲ್ಲಾದರೆ ಗದ್ದಲವಾಗುತ್ತಿತ್ತು. ಇಲ್ಲಿ ದರ್ಜಿಯೇ ಅಪ್ಪ. ಬೆಳೆಯುವ ಮಕ್ಕಳ ಬಟ್ಟೆಗೆ ಹೊಲಿಗೆಯೊಳಗೆ ಒಂದಷ್ಟು ಬಟ್ಟೆ ಮಡಚಿ ಬಿಡುವುದು ಅವನ ವಾಡಿಕೆ. ಪಕ್ಕದ ಹೊಲಿಗೆ ಬಿಚ್ಚಿ, ಒಳಗಿನದನ್ನು ಹೊರಗೆ ತಂದು, ಮತ್ತೆ ಹೊಲಿದು ಇಸ್ತ್ರಿ ಹಾಕುವನು. ಬೆಳಿಗ್ಗೆ ಲಂಗ ಅಳತೆಗೆ ಸರಿಯಾಗಿರುವುದು. ಹೀಗೆ ಸರಿಯಾಗುತ್ತಲೇ ಹೋದದ್ದರಿಂದ, ಹುಡುಗಿ ಮೆಟ್ಟಿಲು ಹತ್ತುವಾಗ ನಿಂತು ನಿಂತು ಉಸಿರೆಳೆಯುವ ತನಕ ಅವಳ ತಾಯಿಗೆ ಏನೂ ಗೊತ್ತಾಗಲಿಲ್ಲ.

ಡಾಕ್ಟರಮ್ಮ ತೂಕ ನೋಡಿ ಹುಬ್ಬೇರಿಸಿದರು. "ವಯಸ್ಸಿಗೆ ಮೀರಿದ ತೂಕ. ಏನು ಕುಡೀತಾಳೆ ಇವಳು?"

"ನನ್ನ ತಮ್ಮ ಆ ಬಾಟಲಿ ತರ್ತಾನೆ..." ಎಂದಳು ಹೆಂಡತಿ, ಕುಗ್ಗಿದ ದನಿಯಲ್ಲಿ.

"ವಾರವಾರವೂ," ಎಂದ ದರ್ಜಿ. ಆ ಆಸ್ಪತ್ರೆಯ ಕೋಣೆಯಲ್ಲಿ ಅವನಾಡಿದ ಒಂದೇ ಮಾತು ಅದು. ಮಗಳ ಬಗ್ಗೆ ಎದೆ ಹಿಂಡುತ್ತಿತ್ತು, ಸುಳ್ಳಲ್ಲ. ಆದರೆ ಆ ಹಿಂಡುವಿಕೆಯ ಅಡಿಯಲ್ಲಿ ಎಲ್ಲೋ ಹಾಲು ಕುಡಿದಷ್ಟು ಸಂತೋಷವೂ ಇತ್ತು. ಇನ್ನು ಹೇಗೆ ಬರುತ್ತಾನೆ ನೋಡೋಣ, ಬೆನ್ನ ಮೇಲೆ ಕೂರಿಸಿಕೊಂಡು!

ಅಕ್ಕ ಬೈದದ್ದಕ್ಕೆ ಭಾವಮೈದುನ ಎದುರಾಡದೆ ಕಿವಿ ಹಿಡಿದುಕೊಂಡ. ಆದರೂ ಮುಂದಿನ ಭಾನುವಾರ ವ್ಯಾನು ಬಂತು. ಅದೇ ಓಟ, ಅದೇ ಜೋತಾಟ. ಕೈಯಲ್ಲಿ ಬಾಟಲಿ! ಅದರ ನಂತರದ ವಾರವೂ ಹಾಗೇ. ದರ್ಜಿಯ ಮೈ ಉರಿದುಹೋಯಿತು. ಅಳತೆ ಟೇಪು ಕೊರಳಲ್ಲಿ ನೇತಾಡುತ್ತಿರುವಂತೆಯೇ ಹೊರಗೆ ಹೋಗಿ ಮಗಳ ಕೈಯಿಂದ ಬಾಟಲಿ ಕಿತ್ತುಕೊಂಡ. ಕಳ್ಳನನ್ನು ಮಾಲಿನ ಸಮೇತ ಹಿಡಿದೆ ಎಂದು ಎತ್ತಿ ಒಂದು ಗುಟುಕು ಕುಡಿದ.

ಸಿಹಿ ಇರಲಿಲ್ಲ. ಕಿತ್ತಳೆ ಬಣ್ಣ ಬಾಟಲಿಯದು, ಒಳಗೆ ಬರೀ ಸೋಡಾ. ಗಂಟಲಲ್ಲಿ ಗುಳ್ಳೆ ಒಡೆದು ಮೂಗಿಗೇರಿತು.

ಮಾಮ, ಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಿಕ್ಕಿಬಿದ್ರಿ ಭಾವ! ಸಿಹಿ ಅಂತ ಆಸೆ ಪಟ್ರಾ? ನಮ್ಮ ಗುಬ್ಬಿಯನ್ನ ನೋಡಿ, ಅಮೃತ ಕುಡಿದ ಹಾಗೆ ಮುಖ ಮಾಡ್ತಾಳೆ. ಮಾಡಿ ತೋರಿಸೇ!"

ಗುಬ್ಬಿ ಕಣ್ಣು ಮುಚ್ಚಿ, ತುಟಿ ಚಪ್ಪರಿಸಿ, "ಆಹಾ, ಕಿತ್ತಳೆ!" ಎಂದಳು.

ದರ್ಜಿ ಒಳಗೆ ಬಂದು ಯಂತ್ರದ ಮುಂದೆ ಕೂತ. ಹಾಗಾದರೆ ಅವಳು ಓಡುತ್ತಿದ್ದುದು ಅವನಿಗೇ. ರಸವಿಲ್ಲದೆ ಅವಳು ತನ್ನ ಸ್ಟೂಲಿನ ಮೇಲೆ ಕೂರುವಳೇ? ಒಂದು ದಿನ ಕೊಡದೆ ನೋಡಿದರೆ ಗೊತ್ತಾಗುತ್ತಿತ್ತು. ನೋಡುವ ಧೈರ್ಯ ಬರಲಿಲ್ಲ. ಅಂದಿನಿಂದ ಪೊಟ್ಟಣದ ಜೊತೆಗೆ ಇನ್ನೊಂದು ಪೊಟ್ಟಣ ಕೊಟ್ಟ.

ಎರಡನೆಯ ಸಲ ಆಸ್ಪತ್ರೆಗೆ ವ್ಯಾನಿನಲ್ಲಿ ಕರೆದುಕೊಂಡು ಹೋದವನು ಭಾವಮೈದುನನೇ. ನಾಲ್ವರೂ ಒಳಗೆ ಹೋದರು. ತೂಕ ಇನ್ನೂ ಏರಿತ್ತು.

"ಸಿಹಿ ಕುಡಿಯೋದು ನಿಂತಿಲ್ಲ," ಎಂದರು ಡಾಕ್ಟರಮ್ಮ. "ಕೆಲವರು ಹಣ್ಣಿನ ರಸ ಅಂತ ಪೊಟ್ಟಣ ಕೊಡ್ತಾರೆ. ಅದರಲ್ಲೂ ಸಕ್ಕರೆ ಅಷ್ಟೇ ಇರುತ್ತೆ. ಮಗೂ, ನೀನೇ ಹೇಳು. ಯಾರು ಕೊಡ್ತಾರೆ?"

ಹುಡುಗಿ ತಲೆ ತಗ್ಗಿಸಿದಳು. ಆಮೇಲೆ ಕಣ್ಣು ಮಾತ್ರ ಎತ್ತಿ ಅಪ್ಪನನ್ನು ನೋಡಿದಳು. ದರ್ಜಿಯ ಕೈ ಬಾಯಿಗೆ ಹೋಯಿತು. ಅಲ್ಲಿ ಸೂಜಿ ಇರಲಿಲ್ಲ.

"ಬೈಬೇಡಿ ಅವಳನ್ನ," ಎಂದ ಭಾವಮೈದುನ. "ನಾನೇ. ಸೋಡಾ ಅಂತ ಹೇಳಿ ಆಗಾಗ ಮೊದಲಿನ ಸಿಹೀದನ್ನೇ ಕೊಟ್ಟೆ. ತಡೆಯೋಕಾಗ್ಲಿಲ್ಲ ಅಕ್ಕಾ."

ಹೆಂಡತಿ ಅಲ್ಲೇ ಎಲ್ಲರೆದುರು ತಮ್ಮನಿಗೆ, "ಇನ್ನು ನಮ್ಮ ಹೊಸ್ತಿಲು ತುಳೀಬೇಡ," ಎಂದಳು. ಅವನು ಸರಿ ಎಂದು ಗುಬ್ಬಿಯ ತಲೆ ಸವರಿ ಹೊರಗೆ ಹೋದ. ಹೋಗುವಾಗ ಭಾವನ ಕಡೆ ನೋಡಲಿಲ್ಲ. ಅವನು ಮಗುವಿನ ನೋಟವನ್ನು ಕಂಡು ತಿಳಿದುಕೊಂಡನೋ, ಬರೀ ಅವಳ ಹೆದರಿಕೆಗೆ ಕರಗಿದನೋ? ದರ್ಜಿಗೆ ಅದಕ್ಕೂ ಹೊಟ್ಟೆ ಉರಿಯಿತು. ತಪ್ಪು ತನ್ನದಾದರೂ, ಅದನ್ನು ಹೊರುವ ದೊಡ್ಡಸ್ತಿಕೆ ಅವನ ಪಾಲಿಗೇ ಹೋಯಿತಲ್ಲ!

ಮನೆಗೆ ಬಂದವನೇ ದರ್ಜಿ ಉಳಿದ ಪೊಟ್ಟಣಗಳನ್ನು ಚರಂಡಿಗೆ ಸುರಿದ. ಮಗಳೂ ರಸ ಬೇಕೆಂದು ಕೇಳಲಿಲ್ಲ. ಶಾಲೆಯಿಂದ ಬಂದು, ಸ್ಟೂಲನ್ನು ದಾಟಿ, ಒಳಗೆ ಹೋಗತೊಡಗಿದಳು. ಭಾನುವಾರ ಮಾತ್ರ ಅಂಗಡಿಯ ಕೋಣೆಗೆ ಬರುವಳು. ಬಂದು ಕಿಟಕಿಯ ಸರಳು ಹಿಡಿದು, ಅವನಿಗೆ ಬೆನ್ನು ಹಾಕಿ, ಬೀದಿ ನೋಡುತ್ತ ನಿಲ್ಲುವಳು.

ಉಸಿರು ಹಗುರಾಯಿತು, ಮೆಟ್ಟಿಲು ಹತ್ತುವುದು ಸುಲಭವಾಯಿತು, ಲಂಗ ಸಡಿಲವಾಯಿತು. ದರ್ಜಿ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು, ಹೊರಗೆ ಬಿಟ್ಟ ಬಟ್ಟೆಯನ್ನು ಮತ್ತೆ ಒಳಗೆ ಮಡಚಿ, ಸೊಂಟದ ಸುತ್ತ ಸೂಜಿ ಚುಚ್ಚುತ್ತಿದ್ದ.

ಬಾಗಿಲಲ್ಲಿ ನಿಂತ ಹೆಂಡತಿ, "ನೋಡಿದ್ರಾ? ಅವನು ಬರೋದು ನಿಂತ ಮೇಲೆ ಎಷ್ಟು ಚೆನ್ನಾಗಾದಳು," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಒಡಹುಟ್ಟಿದವನು ರೀ. ಹೀಗೆ ಮಾಡ್ತಾನೆ ಅಂದ್ಕೊಂಡಿರ್ಲಿಲ್ಲ."

ದರ್ಜಿ ಬಾಯಲ್ಲಿದ್ದ ಸೂಜಿಗಳನ್ನು ತೋರಿಸಿ ತಲೆಯಾಡಿಸಿದ. ಮಗಳು ಅವನ ಬಾಯನ್ನೇ ನೋಡುತ್ತಿದ್ದಳು. ಒಂದೊಂದಾಗಿ ಸೂಜಿಗಳು ಲಂಗಕ್ಕೆ ಹೋದವು, ಬಾಯಿ ಖಾಲಿಯಾಯಿತು.

ರಸ ಕೊಟ್ಟವನು ತಾನು ಎಂದು ಅವನು ಹೇಳಲಿಲ್ಲ.