ಬೆನ್ನು ನೋಡಲು ಕಲಿತ ಹಾಸ್ಯಗಾರ

ಹಾಸ್ಯಗಾರನ ಬಂಡವಾಳವೆಲ್ಲ ಹುಬ್ಬಿನಲ್ಲಿತ್ತು. ಎಡಹುಬ್ಬನ್ನು ಒಂದಿಷ್ಟು ಏರಿಸಿದರೆ ಸಾಕು, ಕೊನೆಯ ಸಾಲಿನವರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಇಪ್ಪತ್ತೆಂಟು ವರ್ಷ ಅದರಲ್ಲೇ ಬಾಳ್ವೆ ಮಾಡಿದ ಮನುಷ್ಯ. ಈಗ ನೋಡಿ, ತಂಡದ ನಿರ್ದೇಶಕಿ ಮುಂದಿನ ನಾಟಕ ಪೂರ್ತಿ ಮುಖವಾಡದ್ದು, ಮಾತೇ ಇಲ್ಲ ಎಂದುಬಿಟ್ಟಳು. ಮುದುಕಿಯ ಪಾತ್ರ ಅವನಿಗೇ. ಆದರೆ ಶನಿವಾರದೊಳಗೆ ಮುಖವಾಡಕ್ಕೆ ಜೀವ ಬರದಿದ್ದರೆ ಬೇರೆಯವರಿಗೆ. ಅದು ಕೈತಪ್ಪಿದರೆ ಈ ವಯಸ್ಸಿನಲ್ಲಿ ಪರದೆ ಎಳೆಯುವ ಕೆಲಸವೇ ಗತಿ.

ಮೊದಲ ದಿನ ಎಲ್ಲರಿಗೂ ಬೆನ್ನು ಹಾಕಿ, ಮುಖವಾಡ ಕಟ್ಟಿಕೊಂಡು ತಿರುಗಿದ. ಅಳುಮುಖ ಮಾಡಿದ, ತುಟಿ ಸೊಟ್ಟಗೆ ಮಾಡಿದ, ಹುಬ್ಬನ್ನಂತೂ ಕುಣಿಸಿ ಕುಣಿಸಿ ಬೆವರಿ ನೀರಾದ. ಒಬ್ಬರೂ ಕಿಸಕ್ಕೆನ್ನಲಿಲ್ಲ. ಹತ್ತು ನಿಮಿಷವಾದ ಮೇಲೆ ನಿರ್ದೇಶಕಿ, ಯಾವಾಗ ಶುರು ಮಾಡ್ತೀರಿ ಎಂದು ಕೇಳಿದಳು. ಅಯ್ಯೋ ಕರ್ಮವೇ! ಅಷ್ಟು ಹೊತ್ತು ಒಳಗಡೆ ಭರ್ಜರಿ ನಾಟಕ ನಡೆದಿತ್ತು, ನೋಡುವವರೇ ಇರಲಿಲ್ಲ.

"ಮುಖ ಮರೆತುಬಿಡಿ," ಎಂದಳು ಅವಳು. "ಬೆನ್ನು ಏನು ಹೇಳುತ್ತೆ ಅಂತ ನೋಡಿ ಬನ್ನಿ."

ಅಂದಿನಿಂದ ಅವನಿಗೆ ಬೆನ್ನಿನ ಹುಚ್ಚು ಹಿಡಿಯಿತು. ಅಂಚೆ ಕಚೇರಿಯ ಸಾಲಿನಲ್ಲಿ ಬೇಕೆಂದೇ ಕೊನೆಗೆ ನಿಂತ. ಗುಮಾಸ್ತನಿಂದ ಬೈಸಿಕೊಂಡವನ ಭುಜ ಕಿವಿಯವರೆಗೆ ಏರಿದ್ದನ್ನು, ಕಾಗದ ಓದಿ ಖುಷಿಯಾದವಳ ಹಿಮ್ಮಡಿ ನೆಲ ಬಿಟ್ಟಿದ್ದನ್ನು ಕಂಡ. ಇದೆಲ್ಲ ಇಷ್ಟು ವರ್ಷ ಎಲ್ಲಿ ಅಡಗಿತ್ತಪ್ಪಾ ಎಂದು ಬೆರಗಾದ. ಯಾರದೋ ನಡಿಗೆ ನೋಡುತ್ತ ಎರಡು ಬೀದಿ ಹಿಂಬಾಲಿಸಿ ಉಗಿಸಿಕೊಂಡೂ ಬಂದ.

ಗುರುವಾರ ಬೆಳಿಗ್ಗೆ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ತಂಡದ ಬಟ್ಟೆ ಹೊಲಿಯುವವಳೂ ಅವಳೇ. ಅವನು ಏನೋ ತಮಾಷೆ ಹೇಳಿದ, ಅವಳು ಎಂದಿನಂತೆ ನಕ್ಕಳು. ಬೆನ್ನು ಮಾತ್ರ ನಗಲಿಲ್ಲ. ಎಡಭುಜ ಇಳಿದಿತ್ತು, ಒಂದು ತಟ್ಟೆ ಇಟ್ಟು ಇನ್ನೊಂದನ್ನು ಎತ್ತುವ ಮೊದಲು ಸಿಂಕಿನ ಅಂಚಿಗೆ ಸೊಂಟ ಆನಿಸುತ್ತಿದ್ದಳು, ಯಾರಾದರೂ ನೋಡಿಯಾರು ಎಂಬಂತೆ ಥಟ್ಟನೆ ನೆಟ್ಟಗಾಗುತ್ತಿದ್ದಳು. ಮುದುಕಿ ಸಿಕ್ಕಿದಳು ಎಂದು ಅವನ ಮನಸ್ಸು ಹಾರಿತು. ಏನಾಯಿತೇ ಎಂದು ಕೇಳಬೇಕಿತ್ತು. ಕೇಳಲಿಲ್ಲ, ಪುಣ್ಯಾತ್ಮ, ಕನ್ನಡಿ ಮುಂದೆ ಹೋಗಿ ಭುಜ ಇಳಿಸುವುದನ್ನು ಕಲಿತ.

ಶನಿವಾರ ತಾಲೀಮಿನ ಕೋಣೆಗೆ ಮುದುಕಿ ಬಂದಳು. ಮೇಜಿನ ಅಂಚಿಗೆ ಸೊಂಟ ಆನಿಸಿದಳು, ಥಟ್ಟನೆ ನೆಟ್ಟಗಾದಳು. ಮೊದಲು ಯಾರೋ ನಕ್ಕರು, ಆಮೇಲೆ ಎಲ್ಲರೂ ಗಪ್‌ಚಿಪ್. ಕಾಗದದ ಆ ಮುಖ ಅಳುತ್ತಿದೆ ಎಂದು ಆಣೆ ಮಾಡಿ ಹೇಳಬಹುದಿತ್ತು. ಪಾತ್ರ ನಿಮ್ಮದೇ ಎಂದಳು ನಿರ್ದೇಶಕಿ.

ಅವನು ಮುಖವಾಡ ಬಿಚ್ಚಿ, ಹಿಗ್ಗಿ ಹೀರೇಕಾಯಿಯಾಗಿ, ಮೂಲೆಯಲ್ಲಿ ಹೊಲಿಯುತ್ತ ಕೂತಿದ್ದ ಹೆಂಡತಿಯ ಹತ್ತಿರ ಹೋದ. ಅವಳ ಕೈ ನಿಂತುಹೋಗಿತ್ತು.

"ಇಷ್ಟು ಚೆನ್ನಾಗಿ ನೋಡಿದ್ದೀರಿ," ಎಂದಳು ಅವಳು ಮೆಲ್ಲಗೆ. "ನೋವು ಎಷ್ಟು ದಿನದಿಂದ ಅಂತ ಮಾತ್ರ ಕೇಳಲಿಲ್ಲ."

ಅವನಿಗೆ ನಾಚಿಕೆಯಾಯಿತು. ಆ ಪಾತ್ರವೇ ಬೇಡವಾಗಿತ್ತು ಅನ್ನಿಸಿತು. ಕುರ್ಚಿ ಎಳೆದು ಪಕ್ಕದಲ್ಲಿ ಕೂತ.

"ಈಗ ಕೇಳ್ತಿದ್ದೀನಿ. ಎಷ್ಟು ದಿನದಿಂದ?"

ನಾಲ್ಕು ವರ್ಷವಾಯಿತು ಎಂದಳು ಅವಳು.